ರವಿವಾರದ ವಾಲಿ: ಬಳಕೆದಾರರ ಕೈಪಿಡಿ

ಮಿಕ್ಸರ್ ತಂದರೆ ಜೊತೆಗೊಂದು ಪುಸ್ತಕ ಬರುತ್ತದೆ. ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿಗೂ ಮಡಚಿದ ಚೀಟಿ ಇರುತ್ತದೆ, ಕೈಗೆ ತಾಗಿದರೆ ಏನು ಮಾಡಬೇಕು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತಾರೆ. ಆದರೆ ರವಿವಾರ ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ನಿಮ್ಮೆದುರು ಬಂದು ನಿಲ್ಲುವ, 46 ವರ್ಷದ, 88 ಕಿಲೋ ತೂಗುವ, ಟೆನಿಸ್ ಬಾಲ್ ಕ್ರಿಕೆಟ್ಟನ್ನು ಆಸ್ತಿ ವ್ಯಾಜ್ಯದಂತೆ ಆಡುವ ಮನುಷ್ಯನ ಜೊತೆ ಮಾತ್ರ ಯಾವ ಚೀಟಿಯೂ ಬರುವುದಿಲ್ಲ. ಆ ಕೊರತೆ ನೀಗಿಸಲು ಈ ಕೈಪಿಡಿ.

ಇದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಮೈದಾನಗಳಲ್ಲಿ ಲೇಖಕನ ಸ್ವಂತ ಮೊಣಕಾಲಿನ ಮೇಲೆ ಪರೀಕ್ಷಿಸಲಾಗಿದೆ. ಬಳಸುವ ಮುನ್ನ ಪೂರ್ತಿ ಓದಿರಿ. ಓದಲು ಪುರಸೊತ್ತಿಲ್ಲದವರು 6ನೇ ಮತ್ತು 7ನೇ ಭಾಗವನ್ನಾದರೂ ಓದಿರಿ.

1. ಸಾಧನದ ಪರಿಚಯ

ಈ ಸಾಧನದ ಹೆಸರು ವಾಲಿ. ಹೆಸರನ್ನು ನಾವು ಹೊರಗಿನಿಂದ ತರಿಸಿದ್ದಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಲಿನ ಗುಡ್ಡಗಳೇ ಕಿಷ್ಕಿಂಧೆ ಎಂದು ನಂಬಿದವರು ನಾವು. ಅಂಜನಾದ್ರಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತರೆ ಕೆಳಗೆ ಕಾಣುವುದೆಲ್ಲ ವಾಲಿಯ ರಾಜ್ಯವೇ. ಎದುರಿಗೆ ನಿಂತು ಕಾದಿದವನ ಅರ್ಧ ಬಲ ವಾಲಿಗೆ ಹೋಗುತ್ತಿತ್ತು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಸಣ್ಣವನಿದ್ದಾಗ ಇದು ಬರೀ ಕಥೆ ಅಂದುಕೊಂಡಿದ್ದೆ. 40 ದಾಟಿದ ಮೇಲೆ ಮೈದಾನಕ್ಕಿಳಿದಾಗ ಇದು ಶರೀರಶಾಸ್ತ್ರ ಎಂದು ತಿಳಿಯಿತು.

ಅರ್ಧ ಬಲ ಹೋಗುವುದು ಹೀಗೆ. ನೀವು ಗಾರ್ಡ್ ತೆಗೆದುಕೊಂಡು ನಿಂತಿದ್ದೀರಿ. ವಾಲಿ ಬೌಲಿಂಗಿಗೆ ಬರುತ್ತಾನೆ. ಬಾಲ್ ಇನ್ನೂ ಅವನ ಕೈಯಲ್ಲೇ ಇದೆ. ಒಮ್ಮೆ ನಿಮ್ಮ ಕಡೆ ನೋಡುತ್ತಾನೆ, ಒಮ್ಮೆ ಕೀಪರ್ ಕಡೆ ನೋಡಿ ನಗುತ್ತಾನೆ. ಅಷ್ಟಕ್ಕೇ ನಿಮ್ಮ ಮನಸ್ಸು ಬಾಲ್ ಬಿಟ್ಟು, ಆ ನಗು ಯಾಕೆ ಎಂಬ ವಿಚಾರಣೆಗೆ ಹೊರಡುತ್ತದೆ. ಕಣ್ಣು ಪಿಚ್ಚಿನಲ್ಲಿ, ಮನಸ್ಸು ಕಚೇರಿಯಲ್ಲಿ. ಅಲ್ಲಿಗೆ ಅರ್ಧ ಹೋಯಿತು. ಉಳಿದ ಅರ್ಧದಲ್ಲಿ ನೀವು ಆಡಬೇಕು, ಅವನು ಒಂದೂವರೆಯಲ್ಲಿ ಆಡುತ್ತಾನೆ.

2. ಮಾದರಿಗಳು

ವಾಲಿ ನಾಲ್ಕು ಮಾದರಿಗಳಲ್ಲಿ ದೊರೆಯುತ್ತಾನೆ. ಮಾದರಿಯನ್ನು ಮಣ್ಣು ಮತ್ತು ನೀರಿನಿಂದ ಗುರುತಿಸಬೇಕು.

ಗಂಗಾವತಿ ಮಾದರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡದ್ದು. ಭತ್ತ ಎರಡು ಬೆಳೆ, ಸಿಟ್ಟೂ ಎರಡು ಬೆಳೆ. ಬ್ಯಾಟು ಅವನದು, ಬಾಲು ಅವನದು, ಬೌಂಡರಿಗೆ ಹಾಕಿದ ಸುಣ್ಣವೂ ಅವನದು. ಹೀಗಾಗಿ ತೀರ್ಪೂ ಅವನದೇ. ಅವನೇ ಓಪನರ್, ಅವನೇ ಕೊನೆಯ ಓವರಿನ ಬೌಲರ್. ಕಾಲುವೆಯ ಕೊನೆಭಾಗದ ರೈತರಿಗೆ ನೀರು ಮುಟ್ಟದ ಹಾಗೆ, ಅವನ ತಂಡದ 8ನೇ ನಂಬರಿನಿಂದ ಕೆಳಗಿನವರಿಗೆ ಬ್ಯಾಟು ಮುಟ್ಟುವುದಿಲ್ಲ. ಇವನಿಗೆ ವಾರಾಬಂದಿಯೇ ಮದ್ದು: ಒಬ್ಬರಿಗೆ ಇಂತಿಷ್ಟೇ ಓವರ್, ಇಂತಿಷ್ಟೇ ಬಾಲ್ ಎಂದು ಮೊದಲೇ ಗೇಟು ಹಾಕಿಡಿ.

ಕುಷ್ಟಗಿ ಮಾದರಿ. ಪೂರ್ತಿ ಮಳೆಯಾಶ್ರಿತ. ಬಹಳ ಹೊತ್ತು ಬರೀ ಮೋಡ. "ಆಡ್ರಿ ಆಡ್ರಿ, ಆಟದಾಗ ಏನೈತಿ" ಎನ್ನುತ್ತ ನಗುನಗುತ್ತಲೇ ಇರುತ್ತಾನೆ. ಹದಿಮೂರನೇ ಓವರಿನ ನಡುವೆ ಒಂದು ವೈಡ್ ಕೊಟ್ಟರೆ ಸಾಕು, ಇಡೀ ವರ್ಷದ ಮಳೆ ಅಲ್ಲೇ, ಆಲಿಕಲ್ಲು ಸಮೇತ. ಮುನ್ಸೂಚನೆ: ಮೊದಲು ಕಿವಿಯ ತುದಿ ಕೆಂಪಾಗುತ್ತದೆ. ಕಿವಿ ಕೆಂಪಾದೊಡನೆ ನೀರು ಕುಡಿಯುವ ವಿರಾಮ ಘೋಷಿಸಿರಿ.

ಯಲಬುರ್ಗಾ ಮಾದರಿ. ಎರೆ ಹೊಲದ ಗುಣ. ಒಣಗಿದ್ದಾಗ ಅಲ್ಲಲ್ಲಿ ಬಿರುಕು ಬಿಟ್ಟುಕೊಂಡು ಸುಮ್ಮನಿರುತ್ತದೆ. ತೊಯ್ದ ಮೇಲೆ ಕಾಲಿಟ್ಟಿರೋ, ಚಪ್ಪಲಿ ಅಲ್ಲೇ. ಇವನು ಕೂಗುವುದಿಲ್ಲ, ಅಂಟಿಕೊಳ್ಳುತ್ತಾನೆ. ಮೂರು ವರ್ಷದ ಹಿಂದಿನ ರನ್ ಔಟ್ ಬಗ್ಗೆ ಮೊನ್ನೆ ಒಂದು ಸೀಮಂತದ ಊಟದ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಕೇಳಿದ: "ಅವತ್ತು ನಿಮ್ಮ ಬ್ಯಾಟು ಗೆರಿ ದಾಟಿತ್ತೇನ್ರಿ, ದೇವರಾಣಿ ಹೇಳ್ರಿ?" ಪರಿಹಾರ: ದಾಟಿರಲಿಲ್ಲ ಎಂದು ಒಪ್ಪಿಕೊಳ್ಳಿ. ಎರೆ ಮಣ್ಣಿನಲ್ಲಿ ಕಾಲು ಕಿತ್ತುಕೊಳ್ಳಲು ಹೆಣಗಿದಷ್ಟೂ ಒಳಗೆ ಹೋಗುತ್ತದೆ.

ಕೊಪ್ಪಳ ಮಾದರಿ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಾವು ಜಿಲ್ಲೆ ಆದಾಗಿನಿಂದ ಈ ಮಾದರಿ ಬಲಿತಿದೆ. ಜಿಲ್ಲಾ ಕೇಂದ್ರದ ವಾಲಿ ಕೈ ಎತ್ತುವುದಿಲ್ಲ, ಪೆನ್ನು ಎತ್ತುತ್ತಾನೆ. ನೋ ಬಾಲ್ ಕೊಟ್ಟರೆ "ಯಾವ ರೂಲ್ ಪ್ರಕಾರ, ಬರದು ಕೊಡ್ರಿ" ಎನ್ನುತ್ತಾನೆ. ಲೇಖಕನೂ ಇದೇ ಊರಿನವನಾದ್ದರಿಂದ ಈ ಮಾದರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇದನ್ನು ಪಕ್ಷಪಾತ ಎನ್ನುವವರು ಬರೆದು ಕೊಡಿ.

ಸೂಚನೆ: ನಾಲ್ಕೂ ತಾಲೂಕಿನವರು ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದವರು. ಹೀಗಾಗಿ ಕಾಲುವೆ ನೀರು ಹರಿಯುವ ಎರೆ ಹೊಲದಂಥ ಮಿಶ್ರ ತಳಿಗಳೂ ಸಿಗುತ್ತವೆ. ಅಂಥವರ ಎದುರು ಬಿದ್ದರೆ ದೇವರೇ ಗತಿ.

3. ಅಳವಡಿಸುವ ಮುನ್ನ

ಮಾಲೆ ಹಾಕಿಕೊಳ್ಳಿ. ರಾಮಾಯಣದ ಮೊದಲ ಪಂದ್ಯದಲ್ಲಿ ಸುಗ್ರೀವ ಚೆನ್ನಾಗಿ ತಿಂದು ಓಡಿ ಬಂದ. ಅಣ್ಣ-ತಮ್ಮ ಒಂದೇ ಥರ ಕಾಣುತ್ತಿದ್ದರು, ಬಾಣ ಯಾರಿಗೆ ಬಿಡಬೇಕು ಎಂದು ರಾಮನಿಗೇ ತಿಳಿಯಲಿಲ್ಲ. ಎರಡನೇ ಸಲ ಕೊರಳಿಗೆ ಹೂಬಳ್ಳಿಯ ಮಾಲೆ ಹಾಕಿ ಕಳಿಸಿದರು. ಜಗತ್ತಿನ ಮೊದಲ ಜೆರ್ಸಿ ನಮ್ಮ ಜಿಲ್ಲೆಯಲ್ಲೇ ತಯಾರಾದದ್ದು. ಇಂದಿಗೂ ರವಿವಾರದ ಅರ್ಧ ಜಗಳ ಯಾರು ಯಾವ ಕಡೆ ಎಂದು ತಿಳಿಯದೇ ಆಗುವಂಥವು. ನಮ್ಮವನೇ ನಮ್ಮವನ ಕ್ಯಾಚ್ ಹಿಡಿದು ಕುಣಿದದ್ದುಂಟು.

ನಿಯಮ ಬರೆದಿಡಿ. ಬಾಯಿಮಾತಿನ ನಿಯಮ ಹತ್ತನೇ ಓವರಿಗೆ ಕರಗುತ್ತದೆ. ಅಶೋಕ ಚಕ್ರವರ್ತಿಗೆ ಇದು ಗೊತ್ತಿತ್ತು. ಅದಕ್ಕೇ ಗವಿಮಠದ ಗುಡ್ಡದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು, ಹೀಗೆ ಕೊಪ್ಪಳದಲ್ಲೇ ಎರಡು ಕಡೆ ಬಂಡೆಗೆ ಕೆತ್ತಿಸಿ ಹೋದ. ಸಣ್ಣವರೂ ದೊಡ್ಡವರೂ ಸೇರಿ ಪ್ರಯತ್ನ ಮಾಡಲಿ ಎಂಬುದು ಆ ಶಾಸನದೊಳಗಿನ ಒಂದು ಮಾತು. ನಮ್ಮಲ್ಲಿ ದೊಡ್ಡವರು ಪ್ರಯತ್ನ ಮಾಡುತ್ತಾರೆ, ಸಣ್ಣವರು ಜಾಲಿಕಂಟಿಯೊಳಗೆ ಹೋದ ಬಾಲ್ ತರುತ್ತಾರೆ. ಬಂಡೆ ಸಿಗದಿದ್ದರೆ ಶಾಲೆಯ ಕಾಂಪೌಂಡ್ ಗೋಡೆ ಸಾಕು, ಇದ್ದಿಲಿನಲ್ಲಿ ಬರೆಯಿರಿ: ಗೋಡೆ ದಾಟಿದರೆ ಸಿಕ್ಸ್, ಗೋಡೆಯಾಚೆ ಮನೆಯೊಳಗೆ ಬಿದ್ದರೆ ಔಟ್, ಬಾಲ್ ಕೇಳಲು ಹೊಡೆದವನೇ ಹೋಗಬೇಕು.

ಅಂಪೈರನ್ನು ಪರೀಕ್ಷಿಸಿ. ನಮ್ಮಲ್ಲಿ ಬ್ಯಾಟಿಂಗ್ ಕಡೆಯವರೇ ಅಂಪೈರ್ ನಿಲ್ಲುವುದು ರೂಢಿ. ಇದು ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ ಎಂದು ಹೊರಗಿನವರು ಅಂದಾರು. ಆದರೆ ನಮಗೆ ಅದರ ಕಷ್ಟ ಗೊತ್ತು. ಒಮ್ಮೆ ನಾನೇ ಅಂಪೈರ್, ಸ್ಟ್ರೈಕಿನಲ್ಲಿ ನನ್ನ ತಂಗಿಯ ಗಂಡ. ಬ್ಯಾಟಿನ ಅಂಚು ತಾಗಿದ ಸದ್ದು ಬಸ್ ಸ್ಟ್ಯಾಂಡಿಗೆ ಕೇಳುವಂತಿತ್ತು. ಹನ್ನೊಂದು ಜನ ಕೈ ಎತ್ತಿ ಕೂಗಿದರು. ನಾನು ಕಿನ್ನಾಳದ ಗೊಂಬೆಯಂತೆ, ಮುಖಕ್ಕೆ ಬಣ್ಣ ಹಚ್ಚಿದ ಹಾಗೆ, ಕಣ್ಣು ಮಿಟುಕಿಸದೆ ನಿಂತೆ. ಮುಂದಿನ ವಾರ ಪಂಚಮಿಗೆ ತಂಗಿ ತವರಿಗೆ ಬರುವುದಿತ್ತು. ನಾಟ್ ಔಟ್ ಕೊಟ್ಟೆ. ಎದುರಿನವರು ರೊಚ್ಚಿಗೆದ್ದರೆ ಅದರಲ್ಲಿ ನಮ್ಮ ಪಾಲೂ ಇರುತ್ತದೆ ಎಂಬುದನ್ನು ಬಳಕೆದಾರರು ಮರೆಯಬಾರದು.

4. ಆಟವಾರು ಬಳಸುವ ಕ್ರಮ

ಕ್ರಿಕೆಟ್. ಕ್ರಿಕೆಟ್ಟಿನ ಕಾನೂನು ಬರೆಯುವ ಲಂಡನ್ನಿನ ಎಂಸಿಸಿ, 2017ರ ಅಕ್ಟೋಬರ್ 1ರಿಂದ ಆಟಗಾರರ ನಡತೆಗೆಂದೇ 42ನೇ ನಿಯಮ ತಂದಿತು. ತಪ್ಪಿಗೆ ನಾಲ್ಕು ದರ್ಜೆ. ಮೊದಲ ದರ್ಜೆಯದಕ್ಕೆ ಎಚ್ಚರಿಕೆ, ಮತ್ತೆ ಮಾಡಿದರೆ ಎದುರು ತಂಡಕ್ಕೆ 5 ರನ್. ನಾಲ್ಕನೆಯದಕ್ಕೆ, ಅಂದರೆ ಅಂಪೈರನ್ನು ಹೊಡೆಯುತ್ತೇನೆ ಎಂದು ಬೆದರಿಸುವುದು, ಮೈಮೇಲೆ ಕೈ ಮಾಡುವುದು ಇಂಥವಕ್ಕೆ, ಪಂದ್ಯದಿಂದಲೇ ಹೊರಗೆ. ಒಳ್ಳೆಯ ನಿಯಮ. ಆದರೆ ಸ್ಟಂಪ್ ತಂದವನು ಯಾರೋ ಅವನನ್ನು ಹೊರಗೆ ಹಾಕಿದರೆ ಅವನ ಜೊತೆ ಸ್ಟಂಪೂ ಹೋಗುತ್ತವೆ ಎಂಬುದನ್ನು ಎಂಸಿಸಿಯವರು ಯೋಚಿಸಿದಂತಿಲ್ಲ. ಆದ್ದರಿಂದ ಮೊದಲ ಕೆಲಸ: ಸ್ಟಂಪ್ ನಿಮ್ಮವಿರಲಿ.

ಬಾಲ್ ಬಿಡುವ ಮೊದಲೇ ಗೆರೆ ಬಿಟ್ಟು ಓಡುವ ನಾನ್ ಸ್ಟ್ರೈಕರನ್ನು ವಾಲಿ ಔಟ್ ಮಾಡಿದರೆ ಅಳಬೇಡಿ. 1947ರಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಹಾಗೆ ಬಿಲ್ ಬ್ರೌನ್ ಅವರನ್ನು ಔಟ್ ಮಾಡಿದಾಗಿನಿಂದ ಜಗತ್ತು ಅದನ್ನು ಬೈಯುತ್ತಲೇ ಬಂತು. 2022ರ ಅಕ್ಟೋಬರಿನಲ್ಲಿ ಕಾನೂನಿನವರು ಅದನ್ನು 'ಅನ್ಯಾಯದ ಆಟ'ದ ಪಟ್ಟಿಯಿಂದ ತೆಗೆದು ಸಾದಾ ರನ್ ಔಟಿಗೆ ಸೇರಿಸಿದರು. ಅಲ್ಲಿಗೆ ವಾಲಿ ಗೆದ್ದ. ನೀವು ಗೆರೆಯೊಳಗೆ ನಿಲ್ಲಿ.

ಶಟಲ್. ಇಲ್ಲಿ ವಾಲಿ ಎದೆಗೇ ಸ್ಮ್ಯಾಶ್ ಹೊಡೆಯುತ್ತಾನೆ, ಶಟಲ್ ಮುಟ್ಟುವ ಮೊದಲೇ ರ‍್ಯಾಕೆಟ್ ಎತ್ತಿ "ಸಾರಿ" ಎನ್ನುತ್ತಾನೆ. ಹೊಡೆತಕ್ಕಿಂತ ಮೊದಲೇ ತಯಾರಾದ ಸಾರಿ ಅದು. ಎದೆಗೆ ಹೊಡೆಯುವುದು ನಿಯಮಕ್ಕೆ ವಿರುದ್ಧವಲ್ಲ, ಹಾಗಾಗಿ ವಾದಿಸಬೇಡಿ. ಅದು 5 ಗ್ರಾಂ ತೂಗುವ ಗರಿ, ಅವನು 88 ಕಿಲೋ. ಭಾರ ಯಾರಿಗೆ ಹೆಚ್ಚು ಎಂದು ನೋಡಿ. ನೆಟ್ಟಿನ ಪಕ್ಕ ಮೆಲ್ಲಗೆ ಒಂದು ಹಾಕಿ, ಮುಂದೆ ಬರಲಿ. ಮುಂದಿನದು ತಲೆಯ ಮೇಲಿಂದ ಹಿಂದಕ್ಕೆ, ಹಿಂದೆ ಓಡಲಿ. ಹೀಗೆ ಆರು ಸಲ. ಏಳನೇ ಸಲಕ್ಕೆ ಅವನೇ ಸೊಂಟದ ಮೇಲೆ ಕೈಯಿಟ್ಟು "ಸ್ವಲ್ಪ ಕುಂದ್ರೂಣ್ರಿ" ಎನ್ನುತ್ತಾನೆ.

ವಾಲಿಬಾಲ್. ಹೆಸರಿನಲ್ಲೇ ವಾಲಿ ಇದ್ದಾನೆ. ಗಂಡಸರ ನೆಟ್ 2.43 ಮೀಟರ್ ಎತ್ತರ. ಅದನ್ನು ಮುಟ್ಟಿದೆ ಎಂದು ತಾನಾಗಿ ಒಪ್ಪಿಕೊಂಡವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ. ನೆಟ್ ಜೋಕಾಲಿಯಂತೆ ತೂಗುತ್ತಿದ್ದರೂ "ಗಾಳಿ ಬಿಟ್ಟೈತ್ರಿ" ಎನ್ನುತ್ತಾರೆ. ಇಲ್ಲಿ ತಾಳ್ಮೆಯೇ ಉಪಾಯ. ಈ ಆಟದಲ್ಲಿ ಆರು ಜಾಗ, ಸರ್ವೀಸ್ ಗೆದ್ದಾಗಲೆಲ್ಲ ಒಂದು ಜಾಗ ತಿರುಗಬೇಕು. ಎಂಥ ವಾಲಿಯೂ ಒಂದಲ್ಲ ಒಂದು ಹೊತ್ತಿಗೆ ಹಿಂದಿನ ಸಾಲಿಗೆ ಹೋಗಲೇಬೇಕು. ಹೋದ ಮೇಲೆ ನೆಟ್ಟಿನ ಬಳಿ ಬಂದು ಹೊಡೆಯುವಂತಿಲ್ಲ. ಅವನು ತಿರುಗದೆ ಮುಂದೆಯೇ ನಿಂತಿದ್ದಾನೆಯೇ ಎಂದು ಎಣಿಸಲು ಒಬ್ಬರನ್ನು ನೇಮಿಸಿ. ಎಣಿಕೆ ಬಲ್ಲವರು ಬೇಕೆಂದರೆ ಎಪಿಎಂಸಿಯಲ್ಲಿ ಚೀಲ ಎಣಿಸುವವರನ್ನು ಕರೆತನ್ನಿ.

ಕಬಡ್ಡಿ. 40 ದಾಟಿದವರು ಆಡಬಾರದು. ಆಡಿದರೆ, ಒಂದು ರೇಡಿಗೆ 30 ಸೆಕೆಂಡು ಎಂಬುದನ್ನು ನೆನಪಿಡಿ. ಉಸಿರು 12ಕ್ಕೇ ಮುಗಿಯುತ್ತದೆ. ನಿಯಮದಲ್ಲಿ ಹಸಿರು ಕಾರ್ಡ್ ಎಂದರೆ ಎಚ್ಚರಿಕೆ, ಹಳದಿ ಎಂದರೆ 2 ನಿಮಿಷ ಹೊರಗೆ, ಕೆಂಪು ಎಂದರೆ ಪಂದ್ಯದಿಂದಲೇ ಹೊರಗೆ. ನಮ್ಮ ಮೈದಾನದಲ್ಲಿ ಎಲ್ಲರೂ ಗಂಭೀರವಾಗಿ ತೆಗೆದುಕೊಳ್ಳುವ ಕಾರ್ಡ್ ಒಂದೇ, ರೇಷನ್ ಕಾರ್ಡ್.

5. ಶಬ್ದ ನಿಯಂತ್ರಣ

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವ ನೆಲದಲ್ಲಿದೆ ಎಂದು ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕೊಪಣ ಎಂದರೆ ನಮ್ಮ ಕೊಪ್ಪಳ. ಅಂದಮೇಲೆ ನಮ್ಮ ಮೈದಾನದಲ್ಲಿ ಕೇಳುವ ಬೈಗುಳವೂ ತಿರುಳ್ಗನ್ನಡವೇ. ಅದನ್ನು ಭಾಷಾ ಸಂಪತ್ತೆಂದು ಕೇಳಿಸಿಕೊಳ್ಳಿ, ನಿಮಗೆ ಹೇಳಿದ್ದೆಂದು ಕೇಳಿಸಿಕೊಳ್ಳಬೇಡಿ. ವಾಲಿ ನಿಮ್ಮ ವಂಶದ ಬಗ್ಗೆ ಮಾತಾಡುತ್ತಿರುವಾಗ ಆ ಮಾತು ಯಾವ ಓಣಿಯದು, ಯಾವ ಕಾಲದ್ದು ಎಂದು ಯೋಚಿಸಿ. ಒಮ್ಮೆ ನಾನು ಹೀಗೆ ಯೋಚಿಸುತ್ತ ನಿಂತಾಗ ಅಜ್ಜಿ ಸತ್ತ ಮೇಲೆ ಕೇಳಿರದ ಒಂದು ಶಬ್ದ ಸಿಕ್ಕಿತು. ಖುಷಿಯಾಯಿತು. ಬೋಲ್ಡ್ ಆದೆ.

ಮಾತಿಗೆ ಮಾತು ಕೊಡಲೇಬೇಕು ಎನಿಸಿದರೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1996ರ ಮಾರ್ಚ್ 9ರಂದು ನಡೆದದ್ದನ್ನು ನೆನೆಯಿರಿ. ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮಿರ್ ಸೊಹೈಲ್ ನಮ್ಮ ವೆಂಕಟೇಶ ಪ್ರಸಾದ್ ಅವರಿಗೆ ಫೋರ್ ಹೊಡೆದು, ಬ್ಯಾಟು ಚಾಚಿ ಬೌಂಡರಿ ತೋರಿಸಿದರು. ಪ್ರಸಾದ್ ತಿರುಗಿ ತಮ್ಮ ರನ್ ಅಪ್‌ಗೆ ನಡೆದರು. ಮುಂದಿನ ಬಾಲಿಗೆ ಸ್ಟಂಪ್ ಹಾರಿತು. ಸ್ಟಂಪ್ ಹಾರಿದ ಮೇಲೆ ಪ್ರಸಾದ್ ಅವರೂ ಬಾಯಿ ಬಿಟ್ಟರು, ಅದು ಬೇರೆ ಮಾತು. ಅನುಕ್ರಮ ಗಮನಿಸಿ: ಮೊದಲು ಸ್ಟಂಪ್, ಆಮೇಲೆ ಬಾಯಿ. ನಾವು ಮಾಡುವ ತಪ್ಪು ಮೊದಲು ಬಾಯಿ, ಆಮೇಲೆ ವೈಡ್.

6. ಋಷ್ಯಮೂಕ

ಪ್ರತಿಯೊಬ್ಬ ವಾಲಿಗೂ ಕಾಲಿಡಲಾಗದ ಒಂದು ಜಾಗವಿರುತ್ತದೆ. ಮತಂಗ ಋಷಿಯ ಶಾಪದಿಂದ ವಾಲಿ ಋಷ್ಯಮೂಕಕ್ಕೆ ಬರುವಂತಿರಲಿಲ್ಲ, ಸುಗ್ರೀವ ಬದುಕಿ ಉಳಿದದ್ದೇ ಆ ಗುಡ್ಡದಿಂದ. ನಿಮ್ಮ ಮೈದಾನದ ಋಷ್ಯಮೂಕ ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಿ.

ನಮ್ಮದು ಮೈದಾನದ ಪಡುವಣ ಅಂಚಿನ ಬೇವಿನ ಗಿಡದ ಕೆಳಗಿದೆ. ಅಲ್ಲೊಂದು ಕಲ್ಲು. ನಿವೃತ್ತರಾದ ಪಿ.ಟಿ. ಮಾಸ್ತರು ವಾಕಿಂಗ್ ಮುಗಿಸಿ ಅದರ ಮೇಲೆ ಕೂರುತ್ತಾರೆ. ಕೊರಳಿಗೆ ಮಫ್ಲರ್, ಕೈಯಲ್ಲಿ ಊರುಗೋಲು. ಯಾರ ಆಟವನ್ನೂ ಹೊಗಳುವುದಿಲ್ಲ, ತೆಗಳುವುದೂ ಇಲ್ಲ.

ಒಂದು ರವಿವಾರ, ಕೊನೆಯ ಓವರ್. ನಮಗೆ ಏಳು ರನ್ ಬೇಕಿತ್ತು, ಸ್ಟ್ರೈಕಿನಲ್ಲಿ ನಾನು. ವಾಲಿಯ ಬಾಲ್ ನನ್ನ ತೊಡೆಗೆ ಬಡಿದು ಕೀಪರ್ ಕೈ ಸೇರಿತು. ವಾಲಿ ಎರಡೂ ಕೈ ಎತ್ತಿ ಓಡಿಬಂದ. ಅಂಪೈರ್ ಅಲುಗಲಿಲ್ಲ. ಆಗ ವಾಲಿ ಬಾಲನ್ನು ನನ್ನ ಮೂಗಿನ ಮುಂದೆ ಹಿಡಿದ.

"ಬ್ಯಾಟಿಗೆ ತಾಗಿ ಹೋಗೇತಿ. ಇಡೀ ಊರಿಗೆ ಕೇಳೇತಿ ಸೌಂಡು."

"ಪ್ಯಾಂಟಿಗೆ ಬಡದೈತ್ರಿ ಸಾವ್ಕಾರ."

"ಪ್ಯಾಂಟು ಟಣ್ ಅಂತದೇನ್ರಿ?"

ಕಿಸೆಯಲ್ಲಿದ್ದ ಕೀಲಿಗೊಂಚಲು ತೆಗೆದು ತೋರಿಸಿದೆ. ಅದಕ್ಕೆ ಅವನ ಸಿಟ್ಟು ಇನ್ನೂ ಏರಿತು. ಆಫ್ ಸ್ಟಂಪ್ ಕಿತ್ತ. ಅದನ್ನು ಯಾಕೆ ಕಿತ್ತ ಎಂದು ನಮಗೂ ತಿಳಿಯಲಿಲ್ಲ, ಕಿತ್ತ ಮೇಲೆ ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ. ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದು ನಿಂತಿದ್ದೇವೆ. ಬೇವಿನ ಗಿಡದ ಕಡೆಯಿಂದ ಧ್ವನಿ ಬಂತು, ಏರುದನಿಯೇನಲ್ಲ:

"ಲೇ, ಬೂಟಿನ ಲೇಸ್ ಬಿಚ್ಚೇತಿ ನೋಡಲೇ. ಮುಗ್ಗರಸಿ ಬಿದ್ದೀ."

ವಾಲಿ ಕೆಳಗೆ ನೋಡಿಕೊಂಡ. ಸ್ಟಂಪನ್ನು ಕೀಪರ್ ಕೈಗೆ ಕೊಟ್ಟ. ಬಗ್ಗುವ ಮುನ್ನ ಅವನ ಎಡಗೈ ತಾನಾಗಿ ಹಿಂದೆ ಹೋಗಿ ಟ್ರ್ಯಾಕ್ ಪ್ಯಾಂಟಿನ ಮೇಲೆ ಅಡ್ಡ ನಿಂತಿತು. ಮಾಸ್ತರು ಬೆತ್ತ ಬಿಟ್ಟು ಹತ್ತು ವರ್ಷವಾಗಿದೆ, ಕೈಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಹೊಟ್ಟೆ ಅಡ್ಡ ಬಂದು ಬಗ್ಗಲಾಗಲಿಲ್ಲ. ಪಿಚ್ಚಿನ ನಡುವೆಯೇ ಕುಕ್ಕರಿಸಿ ಒಂದು ಲೇಸ್ ಕಟ್ಟಿದ, ಬಿಚ್ಚಿರದ ಇನ್ನೊಂದನ್ನೂ ಬಿಚ್ಚಿ ಮತ್ತೆ ಕಟ್ಟಿದ. ಏಳುವಾಗ ನನ್ನ ಕೈ ಹಿಡಿದುಕೊಂಡೇ ಎದ್ದ.

"ಆತ್ ಬಿಡ್ರಿ. ಡೆಡ್ ಬಾಲ್."

7. ಎಚ್ಚರಿಕೆ: ಮರದ ಹಿಂದಿನ ಬಾಣ

ಕೆಲವರು ಇಷ್ಟಕ್ಕೆ ತೃಪ್ತರಾಗುವುದಿಲ್ಲ. ಎದುರು ನಿಂತರೆ ಅರ್ಧ ಬಲ ಹೋಗುತ್ತದೆ, ಹಾಗಾದರೆ ಮರೆಯಲ್ಲಿ ನಿಂತು ಹೊಡೆದರಾಯಿತು ಎನ್ನುತ್ತಾರೆ. ಈ ವಿಧಾನ ಕೆಲಸ ಮಾಡುತ್ತದೆ, ಅದೇ ಅದರ ದೋಷ.

ಸ್ಟಂಪ್ ಕಿತ್ತ ದಿನ ಒಬ್ಬ ಹುಡುಗ ಮೊಬೈಲಿನಲ್ಲಿ ಎಲ್ಲ ಹಿಡಿದಿದ್ದ. ವಾಟ್ಸಾಪ್ ಗ್ರೂಪಿಗೆ ಹಾಕಲೇನ್ರಿ ಎಂದು ಕೇಳಿದ. "ಹಾಕು, ಹಾಕು" ಎಂದವನು ನಾನು. ಹುಡುಗ ಕೂಗಾಟದವರೆಗೆ ಮಾತ್ರ ಇಟ್ಟು, ಲೇಸ್ ಕಟ್ಟಿದ್ದನ್ನು ಕತ್ತರಿಸಿ ಹಾಕಿದ. ಸಂಜೆಯ ಹೊತ್ತಿಗೆ ಅದು ನಾಲ್ಕೂ ತಾಲೂಕು ಸುತ್ತಿತು. ವಾಲಿಯ ಮಗಳನ್ನು ಕೊಟ್ಟ ಮನೆಯವರ ಮೊಬೈಲಿಗೂ ಹೋಯಿತು.

ಮುಂದಿನ ರವಿವಾರ ವಾಲಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

8. ದೋಷ ಪರಿಹಾರ

ದೋಷ: ವಾಲಿ ಪ್ರತಿ ಬಾಲಿಗೂ ಅಪೀಲ್ ಮಾಡುತ್ತಾನೆ.
ಪರಿಹಾರ: ಮಾಡಲಿ. ಎಂಟನೇ ಓವರಿಗೆ ಗಂಟಲು ಕಟ್ಟುತ್ತದೆ. ಬಿಸಿನೀರು ಕೊಡಬೇಡಿ.

ದೋಷ: ವಾಲಿ ನಿಮ್ಮ ಕಚೇರಿಯ ಮೇಲಧಿಕಾರಿ.
ಪರಿಹಾರ: ಈ ಕೈಪಿಡಿ ನೌಕರರ ಕ್ರೀಡಾಕೂಟಗಳಿಗೆ ಅನ್ವಯಿಸುವುದಿಲ್ಲ. ಕ್ಯಾಚ್ ಬಿಡಿ.

ದೋಷ: ನಿಮ್ಮದೇ ತಂಡದ ನಾಯಕ ಅತಿ ಸಭ್ಯನಾಗಿದ್ದಾನೆ, ವಾಲಿ ಅದರ ಲಾಭ ಪಡೆಯುತ್ತಿದ್ದಾನೆ.
ಪರಿಹಾರ: ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರನ್ನು ನೆನೆಯಿರಿ. 1980ರ ಫೆಬ್ರುವರಿ, ಮುಂಬೈಯ ವಾಂಖೆಡೆಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್. ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್ ಅವರನ್ನು, ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್ ವಾಪಸ್ ಕರೆದರು. ಟೇಲರ್ 43 ರನ್ ಮಾಡಿದರು, ಬಾಥಮ್ ಜೊತೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಪಂದ್ಯದಲ್ಲಿ ಬಾಥಮ್ ಶತಕ ಹೊಡೆದು 13 ವಿಕೆಟ್ ಕಿತ್ತರು. ಆದರೂ ನಮ್ಮ ಕಡೆ ಚಹಾದ ಅಂಗಡಿಯಲ್ಲಿ ಆ ಟೆಸ್ಟಿನ ಮಾತು ಬಂದರೆ ಬಾಯಿಗೆ ಬರುವುದು ವಿಶ್ವನಾಥ್ ಹೆಸರು. ಸಭ್ಯತೆಯಿಂದ ಪಂದ್ಯ ಹೋಗಬಹುದು ಎಂಬುದು ಸುಳ್ಳಲ್ಲ. ಖರ್ಚು ತಿಳಿದೇ ಮಾಡಿ.

ದೋಷ: ವಾಲಿ ಬರುತ್ತಲೇ ಇಲ್ಲ.
ಪರಿಹಾರ: ಮುಂದಿನ ಭಾಗ ನೋಡಿ.

9. ಸಂಗ್ರಹಣೆ ಮತ್ತು ನಿರ್ವಹಣೆ

ವಾಲಿಯಿಲ್ಲದ ಮೊದಲ ರವಿವಾರ ಹಬ್ಬದಂತಿತ್ತು. ಯಾರೂ ಕೂಗಲಿಲ್ಲ. ವೈಡನ್ನು ವೈಡ್ ಎಂದರು, ಔಟಾದವನು ಬ್ಯಾಟು ಇಟ್ಟು ನಡೆದ. ಎಂಟು ಗಂಟೆಗೆ ಒಗ್ಗರಣಿ-ಮಿರ್ಚಿ ತಿನ್ನುವಾಗ, ಗೆದ್ದವರು ಯಾರು ಎಂದು ಅಂಗಡಿಯವನು ಕೇಳಿದ. ನಾವು ಮುಖ ಮುಖ ನೋಡಿಕೊಂಡೆವು. ಎರಡನೇ ವಾರ ಹದಿನಾರು ಜನ ಬಂದರು. ಮೂರನೇ ವಾರ ಒಂಬತ್ತು. ಆಗ ಗೊತ್ತಾಯಿತು, ಐದೂವರೆಗೆ ಮನೆಮನೆ ಮುಂದೆ ಬೈಕ್ ನಿಲ್ಲಿಸಿ, ಹಾರ್ನ್ ಹೊಡೆದು, "ಏಳ್ರಿ, ಹೆಂಗಸರಂಗ ಮಲಗೀರಿ" ಎಂದು ಬೈದು ಎಬ್ಬಿಸುತ್ತಿದ್ದವನು ಅವನೇ ಎಂದು. (ಹೆಂಗಸರು ಆ ಹೊತ್ತಿಗೆ ಎದ್ದು ಅಂಗಳ ಗುಡಿಸಿ, ನೀರು ಕಾಯಿಸಿರುತ್ತಾರೆ. ವಾಲಿಗೆ ಇದು ಗೊತ್ತಿಲ್ಲ.)

ರಾಮಾಯಣದಲ್ಲಿ ವಾಲಿ ಬಿದ್ದ ಮೇಲೆ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರಲ್ಲಿ ಸುಗ್ರೀವನೂ ಒಬ್ಬ. ಕೊಲ್ಲಿಸಿದವನೇ ಕೂತು ಅತ್ತ. ಓದಿದಾಗ ನಾಟಕ ಎನಿಸಿತ್ತು. ಒಂಬತ್ತು ಜನರ ನಡುವೆ ಒಂಟಿ ಸ್ಟಂಪ್ ಹಿಡಿದು ನಿಂತಾಗ ಹಾಗೆ ಎನಿಸಲಿಲ್ಲ.

ನಾಲ್ವರು ಅವನ ಮನೆಗೆ ಹೋದೆವು. ಒಳಗೆ ಕರೆದ, ಚಹಾ ತರಿಸಿದ. ಕಪ್ಪು ಕೆಳಗಿಡುವವರೆಗೆ ಸುಮ್ಮನಿದ್ದು, ಆಮೇಲೆ ನನ್ನನ್ನೇ ನೋಡಿ ಕೇಳಿದ:

"ಎದುರಿಗೆ ನಿಂತು ಬೈದಿದ್ರ ನಾ ಏನ್ ತಿಂತಿದ್ನೇನ್ರಿ?"

ಬಾಣ ನಾಟಿದ ವಾಲಿ ರಾಮನಿಗೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ರಾಮನ ಬಳಿ ಉದ್ದನೆಯ ಉತ್ತರವಿತ್ತು. ನನ್ನ ಬಳಿ ಇರಲಿಲ್ಲ. "ತಪ್ಪಾತ್ರಿ" ಎಂದೆ. ಅವನು ಗೋಡೆ ಕಡೆ ನೋಡಿ, "ಬ್ಯಾಟಿಗೆ ತಾಗಿತ್ತಿಲ್ಲೋ, ಅದರ ಹೇಳ್ರಿ ಮೊದ್ಲ" ಎಂದ. ತಾಗಿರಲಿಲ್ಲ. ತಾಗಿತ್ತು ಎಂದೆ. ಈ ಕೈಪಿಡಿಯಲ್ಲಿ ಲೇಖಕ ದಾಖಲಿಸುತ್ತಿರುವ ಏಕೈಕ ಯಶಸ್ವಿ ಪ್ರಯೋಗ ಇದು.

ಈಗ ಪ್ರತಿ ರವಿವಾರ ಬರುತ್ತಾನೆ. ಮೊನ್ನೆ ಮೊದಲ ಬಾಲಿಗೇ ಅಪೀಲ್ ಮಾಡಿದ, ಎರಡನೆಯದಕ್ಕೆ ಅಂಪೈರ್ ಜೊತೆ ಜಗಳಾಡಿದ. ಜನ ಮತ್ತೆ ಇಪ್ಪತ್ತೆರಡು.

ಕೊಳ್ಳುವವರಿಗೆ ಕೊನೆಯ ಸೂಚನೆ: ಈ ಸಾಧನಕ್ಕೆ ವಾರಂಟಿ ಇಲ್ಲ, ಬದಲಿ ಸಿಗುವುದಿಲ್ಲ, ಬಿಡಿಭಾಗ ಯಾವ ತಾಲೂಕಿನಲ್ಲೂ ದೊರೆಯುವುದಿಲ್ಲ. ಇದ್ದುದನ್ನೇ ಜೋಪಾನ ಮಾಡಬೇಕು. ಪಂದ್ಯ ಆರೂವರೆಗೆ ಶುರು. ನೀ ಕ್ಯಾಪ್ ಹಾಕಿಕೊಂಡು ಬನ್ನಿ, ಕೀಲಿಗೊಂಚಲು ಮನೆಯಲ್ಲಿಟ್ಟು ಬನ್ನಿ, ಹೇಳಬೇಕಾದದ್ದೇನಾದರೂ ಇದ್ದರೆ ಎದುರಿಗೆ ನಿಂತೇ ಹೇಳಿ. ಅದಕ್ಕೂ ಮೊದಲು ಒಮ್ಮೆ ಬಗ್ಗಿ ನಿಮ್ಮ ಲೇಸ್ ನೋಡಿಕೊಳ್ಳಿ.